ಕಾಕಾ ಹಚ್ಚಿಕೊಂಡ ವಿಭೂತಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತದ್ದು ಕಾಕಾನೋ ಚಿಗವ್ವನೋ, ಅಕ್ಕಲಕೋಟೆಯ ಅರಮನೆಯನ್ನು ಒಳಗೆ ಹೋಗಿ ನೋಡಿದೆವೋ ಅಥವಾ ಬಾಗಿಲಲ್ಲೇ ನಿಂತು ಹಿಂದಿರುಗಿದೆವೋ, ಆಣೆ ಮಾಡಿ ಹೇಳಲಾರೆ. ನಾನು ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುತ್ತ ಬಂದವಳು. ಆ ಚಳಿಗಾಲದ ಪುಸ್ತಕವೂ ನನ್ನ ಹತ್ತಿರ ಇದೆ. ಆ ಗುರುವಾರದ ಕೆಳಗೆ ಇರುವುದು ಇಷ್ಟೇ: "ಕಾಕಾ, ಚಿಗವ್ವ, ವಹಿನಿಯವರ ಜೊತೆ ಅಕ್ಕಲಕೋಟೆಗೆ ಹೋಗಿಬಂದೆ. ಬಿಸಿಲು ಹಿತವಾಗಿತ್ತು. ಒಂದು ಬಸ್ಸು ತಪ್ಪಿತು." ದಿನಕ್ಕೆ ಎರಡು ಪುಟ ತುಂಬಿಸುತ್ತಿದ್ದವಳು ಅಂದು ಮೂರು ಸಾಲು ಬರೆದು ದೀಪ ಆರಿಸಿದ್ದೇನೆ. ಆ ಮೂರು ಸಾಲಿನಲ್ಲಿ ಸುಳ್ಳು ಒಂದೂ ಇಲ್ಲ. ಆದ್ದರಿಂದಲೇ ನನಗೆ ನನ್ನ ದಿನಚರಿಯ ಮೇಲೆ ನಂಬಿಕೆಯಿಲ್ಲ, ನೆನಪಿನ ಮೇಲಂತೂ ಮೊದಲೇ ಇಲ್ಲ.

ಇದನ್ನು ಬರೆಯಬೇಕೆನಿಸಿದ್ದು ಹೋದ ತಿಂಗಳು. ಕಲಬುರ್ಗಿಯಿಂದ ಬರುವಾಗ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಹೊಸ ಕಂಬಳಿ ಹೊದ್ದು ಕೂತಿದ್ದ. ಹೊಸ ಕಂಬಳಿ ಗಟ್ಟಿಯಾಗಲೆಂದು ಅದಕ್ಕೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಆ ಹುಳಿ ಹುಳಿ ವಾಸನೆ ಮೂಗಿಗೆ ಬಂದದ್ದೇ ತಡ, ಸೊಲ್ಲಾಪುರದ ನಿಲ್ದಾಣದಲ್ಲಿ ಇಳಿದು ನಿಂತ ಕಾಕಾ ಕಣ್ಣೆದುರು ಬಂದ.

ರಾಜ್ಯಗಳು ಬೇರೆಬೇರೆಯಾದ ಮೇಲಿನ ಮೊದಲ ಚಳಿಗಾಲ ಅದು. ಇಂಡಿ ತಾಲ್ಲೂಕಿನ ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿತ್ತು. ನಾನು ನೌಕರಿಗಿದ್ದ ಸೊಲ್ಲಾಪುರ ಮುಂಬೈ ರಾಜ್ಯದಲ್ಲೇ ಉಳಿದಿತ್ತು. ನಡುವೆ ಭೀಮೆ ಹಿಂದೆ ಹರಿದಂತೆಯೇ ಹರಿಯುತ್ತಿದ್ದಳು. ಆದರೂ ಊರಿನವರು ನನ್ನನ್ನು "ಪರರಾಜ್ಯದಾಗ ಇರಾಕಿ" ಅನ್ನತೊಡಗಿದ್ದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಚುಚ್ಚುವುದೂ ಇತ್ತು.

ನಮ್ಮದು ಕುರಿ ಸಾಕುವ ಮನೆತನ. ಅಪ್ಪ ನನ್ನ ಆರನೆಯ ವಯಸ್ಸಿನಲ್ಲಿ ತೀರಿಕೊಂಡ, ಅವ್ವ ಅದಕ್ಕೂ ಮೊದಲೇ. ನನ್ನನ್ನು ಬೆಳೆಸಿದವರು ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ಮತ್ತು ಅವನ ಹೆಂಡತಿ ಚಿಗವ್ವ. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ನಮ್ಮ ಊರ ಬೀರಪ್ಪನ ಪೂಜಾರಿ. ಅಮಾವಾಸ್ಯೆಯ ದಿನ ಅವನು ಹೇಳಿಕೆ ಹೇಳುತ್ತಿದ್ದ: ಮಳೆ ಯಾವಾಗ, ಕುರಿಗೆ ರೋಗ ಬರುತ್ತದೋ ಇಲ್ಲವೋ, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ. ಭೀಮೆಯ ಆಚೆಯ ಹಟ್ಟಿಗಳಿಂದಲೂ ಜನ ಬರುತ್ತಿದ್ದರು, ಅವನನ್ನು ಕರೆದೂ ಒಯ್ಯುತ್ತಿದ್ದರು. ಅವನ ಸೊಂಟದಲ್ಲಿ ಸದಾ ಒಂದು ಚರ್ಮದ ಚೀಲ, ಅದರಲ್ಲಿ ಭಂಡಾರ, ಎಂದರೆ ದೇವರ ಅರಿಷಿಣದ ಪುಡಿ. ಬೇಡಿದವರಿಗೆ ಪೂಜಾರಿ ಭಂಡಾರ ಇಲ್ಲ ಅನ್ನಬಾರದು, ವೈರಿ ಬೇಡಿದರೂ ಕೊಡಬೇಕು. ಪೂಜಾರಿ ಇಲ್ಲ ಅಂದರೆ ದೇವರೇ ಇಲ್ಲ ಅಂದ ಹಾಗೆ. ಓದು ಬರಹ ಬಾರದ ಈ ಮನುಷ್ಯ, "ಈ ಹುಡುಗಿ ಓದ್ಲಿ ಅಂತ ಬೀರಪ್ಪ ಹೇಳ್ಯಾನ" ಎಂದು ಊರ ಹಿರಿಯರ ಬಾಯಿ ಮುಚ್ಚಿಸಿ ನನ್ನನ್ನು ವಿಜಯಪುರದ ಬೋರ್ಡಿಂಗಿಗೆ, ಅಲ್ಲಿಂದ ಧಾರವಾಡಕ್ಕೆ ಕಳಿಸಿದ. ಬೀರಪ್ಪ ನಿಜವಾಗಿ ಹೇಳಿದನೇ ಎಂದು ಒಮ್ಮೆ ಕೇಳಿದ್ದೆ. "ಹೇಳ್ದೇ ಇದ್ರ ಅವನೆಂಥಾ ದೇವ್ರು?" ಅಂದಿದ್ದ.

ಬಿ.ಎ. ಮುಗಿಸಿದ ಮೇಲೆ ಸೊಲ್ಲಾಪುರದ ಹೆಣ್ಣುಮಕ್ಕಳ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ಕೆಲಸ ಸಿಕ್ಕಿತು. ಒಂಟಿ ಹುಡುಗಿಗೆ ಕೋಣೆ ಸಿಗುವುದೇ ಕಷ್ಟವಾಯಿತು. ನಾಲ್ಕು ಮನೆಯವರು ನನ್ನ ಅಡ್ಡಹೆಸರು ಕೇಳಿ, ಊರು ಕೇಳಿ, ಕೊನೆಗೆ "ನೋಡೋಣ" ಅಂದರು. ಮರ್ಯಾದಸ್ಥರ ಮನೆಯಲ್ಲಿ ಉಳಿಯಬೇಕೆಂಬುದು ಶಾಲೆಯ ಕರಾರು. ಇಲ್ಲದಿದ್ದರೆ ಕೆಲಸವಿಲ್ಲ. ಐದನೆಯದು ಹಳೆಯ ಪೇಟೆಯ ಒಂದು ವಾಡೆ, ಅಂಗಳದ ದೊಡ್ಡ ಮನೆ. ಒಡತಿ ಮರಾಠಿ ಬ್ರಾಹ್ಮಣ ವಿಧವೆ, ಎಲ್ಲರೂ ಅವರನ್ನು ವಹಿನಿ ಅನ್ನುತ್ತಿದ್ದರು, ಅತ್ತಿಗೆ ಎಂಬ ಅರ್ಥದಲ್ಲಿ. ಅವರು ಕೇಳಿದ್ದು ಇಷ್ಟೇ: "ಮಾಂಸ ಒಲೆಯ ಮೇಲೆ ಏರುವುದಿಲ್ಲ ತಾನೇ? ಲಿಂಗಾಯತರಲ್ಲವೇ ನೀವು?"

"ಹೋ" ಅಂದೆ. ಮರಾಠಿಯಲ್ಲಿ ಹೌದು ಅನ್ನುವುದಕ್ಕೆ ಒಂದೇ ಅಕ್ಷರ ಸಾಕು.

ಮಾಂಸದ ಮಾತು ನಿಜವೇ ಆಗಿತ್ತು, ಬೋರ್ಡಿಂಗಿನಲ್ಲೇ ಬಿಟ್ಟಿದ್ದೆ. ಎರಡನೆಯ ಮಾತಿಗಾಗಿ ಮರುದಿನದಿಂದ ಹಣೆಗೆ ತೆಳ್ಳಗೆ ವಿಭೂತಿ ಹಚ್ಚತೊಡಗಿದೆ. ಕೊರಳಲ್ಲಿ ಲಿಂಗವಿಲ್ಲದ್ದು ಕುಪ್ಪಸದ ಮರೆಯಲ್ಲಿ ಮುಚ್ಚಿಹೋಯಿತು. ಒಂದೂವರೆ ವರ್ಷ ಹೀಗೇ ಕಳೆಯಿತು. ಆಮೇಲೆ ಕಾಕಾನ ಕಾಗದ ಬಂತು, ಶಾಲೆ ಮಾಸ್ತರನ ಅಕ್ಷರದಲ್ಲಿ: ನಿನ್ನ ಸೊಲ್ಲಾಪುರ ನೋಡಲು ಬರುತ್ತೇವೆ, ಎಂಟು ದಿನ ಇರುತ್ತೇವೆ.

ಇಂಡಿ ಕಡೆಯ ಗಾಡಿ ಬೆಳಿಗ್ಗೆ ಬಂತು. ಕಾಕಾ ಇಳಿದ. ಹೆಗಲ ಮೇಲೆ ಹೊಸ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ತಕಲಿ, ಹಣೆ ತುಂಬ ಹಳದಿ. ಹಿಂದೆ ಬುಟ್ಟಿ ಹೊತ್ತ ಚಿಗವ್ವ. ಎಲ್ಲಿ ಭೇಟಿಯಾದರೂ ಅವನು ಮೊದಲು ಮಾಡುತ್ತಿದ್ದ ಕೆಲಸವೊಂದಿತ್ತು: ಚೀಲಕ್ಕೆ ಎರಡು ಬೆರಳು ಹಾಕಿ ನನ್ನ ಹಣೆಗೆ ಭಂಡಾರ ಹಚ್ಚುವುದು. ಅಂದೂ ಕೈ ಎತ್ತಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇಲ್ಲಿ ಬ್ಯಾಡ ಕಾಕಾ."

ಎತ್ತಿದ ಬೆರಳುಗಳನ್ನು ಅವನು ಹಾಗೇ ತಿರುಗಿಸಿ ತನ್ನ ಹಣೆಗೇ ಒರೆಸಿಕೊಂಡ. "ಪರದೇಶಕ್ಕ ಬಂದೀವಿ ನೋಡ" ಎಂದು ಚಿಗವ್ವನ ಕಡೆ ನಕ್ಕ. "ಇಲ್ಲಿ ರೀತಿ ಬ್ಯಾರೆ ಇರ್ತಾವ."

ಟಾಂಗಾ ಹತ್ತುವ ಮೊದಲು, ನಿಲ್ದಾಣದ ಹೊರಗಿನ ನಲ್ಲಿಯ ಹತ್ತಿರ, ನಾನು ಎಲ್ಲವನ್ನೂ ಹೇಳಿದೆ. ಕೋಣೆ, ವಹಿನಿ, ನಾನು ಅಂದ ಹೋ. ಅವನು ತಕಲಿ ತಿರುಗಿಸುತ್ತಲೇ ಕೇಳಿದ.

"ಹಂಗಾದ್ರ ನಾ ಈಗ ಯಾರಾಗ್ಬೇಕ?"

"ಯಾರೂ ಆಗಬ್ಯಾಡ. ಹಣಿ ಅಷ್ಟ ತೊಳ್ಕೊ. ಇದನ್ನ ಹಚ್ಕೊ."

ವಿಭೂತಿಯ ಗಟ್ಟಿಯನ್ನು ನನ್ನ ಚೀಲದಿಂದ ತೆಗೆದುಕೊಟ್ಟೆ. ಇಲ್ಲಿ ನಾನು ನಿಲ್ಲಬೇಕಾಗುತ್ತದೆ. ಮಾತಾಡುತ್ತ ಹೊಳೆದ ಉಪಾಯ ಇದು ಎಂದು ವರ್ಷಗಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಾದರೆ ಗಟ್ಟಿ ಚೀಲದಲ್ಲಿ ಹೇಗಿತ್ತು? ನಾನು ದಿನವೂ ಅದನ್ನು ಇಡುತ್ತಿದ್ದದ್ದು ಕನ್ನಡಿಯ ಗೂಡಿನಲ್ಲಿ.

"ಕುರಿ ತಪ್ಪಿಸ್ಕೋಬಾರ್ದಂತ ನಾವು ಬಣ್ಣದ ಗುರ್ತು ಹಾಕತೀವಿ" ಎಂದ ಕಾಕಾ, "ಇಲ್ಲಿ ಮಂದಿಗೂ ಹಾಕತಾರೇನ?"

ಚಿಗವ್ವ ನಗಲಿಲ್ಲ. "ನಿನ್ನ ಹಣಿ ನೀ ಬೇಕಾದಂಗ ಮಾಡ್ಕೊ ಗಂಗವ್ವಾ. ಅವ್ನದು ಯಾಕ?"

"ಎಂಟು ದಿನದ ಮಾತು ಚಿಗವ್ವಾ. ಬಾಡಿಗಿ ಕೋಲಿ ಹೋದ್ರ ನೌಕರಿ ಹೋಗ್ತದ. ಮತ್ತ ಊರಿಗೆ ಬಂದು ನಾ ಏನ್ ಮಾಡ್ಲಿ?"

"ಏ, ಸುಮ್ನಿರ ನೀ" ಎಂದು ಕಾಕಾ ಹೆಂಡತಿಗೆ ಹೇಳಿ ನಲ್ಲಿಗೆ ಬಗ್ಗಿದ. ಹಳದಿ ಬೇಗ ಹೋಗಲಿಲ್ಲ. ಎಷ್ಟೋ ವರ್ಷಗಳ ಬಣ್ಣ ಚರ್ಮಕ್ಕೇ ಇಳಿದಿತ್ತು. ತಿಕ್ಕಿ ತಿಕ್ಕಿ ಹಣೆ ಕೆಂಪಾಯಿತು. ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಂಡು ನನ್ನ ಕಡೆ ಮುಖ ತಿರುಗಿಸಿ, "ನೆಟ್ಟಗ ಐತೇನ?" ಎಂದು ಕೇಳಿದ. ಒಂದು ಗೆರೆ ಸೊಟ್ಟಗಿತ್ತು. ನಾನು ಸರಿಮಾಡಿದೆ.

ವಹಿನಿಗೆ ಕಾಕಾ ಹಿಡಿಸಿಬಿಟ್ಟ. ಕಂಬಳಿ ಮಾರಲು ಪಂಢರಪುರದ ಸಂತೆಗೆ ತಿರುಗಿದ್ದರಿಂದ ಅವನಿಗೆ ಮರಾಠಿ ಸಾಕಷ್ಟು ಬರುತ್ತಿತ್ತು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಇಬ್ಬರೂ ವಾಡೆಯ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿರುತ್ತಿದ್ದರು. "ನಿಮ್ಮ ಮೈಸೂರಿನಲ್ಲಿ ಅರಮನೆ ಬಹಳ ದೊಡ್ಡದಂತೆ" ಎಂದು ವಹಿನಿ ಕೇಳಿದರೆ, ಕಾಕಾ ತನ್ನ ಸಂತೆಯ ಮರಾಠಿಯಲ್ಲಿ, "ಮೈಸೂರು ಯಾವ ದಿಕ್ಕಿಗಿದೆಯೋ ನನಗೆ ಗೊತ್ತಿಲ್ಲ ಬಾಯೀ. ನಮ್ಮೂರು ಮಾತ್ರ ಇದ್ದಲ್ಲೇ ಇದೆ" ಎನ್ನುತ್ತಿದ್ದ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ನಾನು ಕಾಕಾ, ಚಿಗವ್ವ ಇಬ್ಬರನ್ನೂ ಊರು ತೋರಿಸಲು ಕರೆದೊಯ್ದೆ. ಕೋಟೆಯ ಗೋಡೆ ನೋಡಿ ಕಾಕಾ, "ತ್ವಾಳ ಬರೂದುಲ್ಲ ಬಿಡು. ಎರಡು ಸಾವಿರ ಕುರಿ ಆರಾಮ ಹಿಡಿತಾವ" ಎಂದ. ಸಿದ್ಧೇಶ್ವರನ ಕೆರೆಯ ಕಟ್ಟೆಯ ಮೇಲೆ ನಿಂತು ನೀರನ್ನು ಬಹಳ ಹೊತ್ತು ನೋಡಿದ. ನಾನು ಗುಡಿಯ ಹಳಮೆಯನ್ನು ಪಾಠ ಹೇಳಿದಂತೆ ಹೇಳುತ್ತಿದ್ದೆ. "ಕುರಿ ತೊಳಿಯಾಕ ಚಲೋ ಕಟ್ಟ್ಯಾರ" ಎಂದ. ನಮ್ಮ ಹಿಂದೆ ನಿಂತಿದ್ದ ಯಾರೋ ತಿರುಗಿ ನೋಡಿದರು. ನಾನು ಸ್ವಲ್ಪ ಮುಂದೆ ನಡೆದೆ. ಅಷ್ಟು ಸಣ್ಣದನ್ನೂ ಅವನು ಗಮನಿಸಿದ್ದ ಎಂದು ಈಗ ಅನಿಸುತ್ತದೆ. ಆಮೇಲೆ ಕುರಿಯ ಮಾತು ಎತ್ತಲಿಲ್ಲ. ಹಾಗೆ ಅನಿಸುವುದು ನನ್ನ ತಪ್ಪಿತಸ್ಥ ಮನಸ್ಸು ಸೇರಿಸಿದ್ದೂ ಇರಬಹುದು. ತಕಲಿಯನ್ನು ಮಾತ್ರ ನಾನೇ ಮನೆಯಲ್ಲಿ ಇರಿಸಿದ್ದೆ, ಅದರಲ್ಲಿ ಅನುಮಾನವಿಲ್ಲ. ಬರಿಗೈಯಲ್ಲಿ ನಡೆದು ಅವನಿಗೆ ಗೊತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಇಲ್ಲದ ನೂಲನ್ನು ಹೊಸೆಯುತ್ತಲೇ ಇರುತ್ತಿದ್ದವು.

ಅಕ್ಕಲಕೋಟೆಗೆ ಹೋಗೋಣ ಎಂದದ್ದು ವಹಿನಿ. ಗುರುವಾರ ಅಲ್ಲಿಯ ಆಲದ ಮರದ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಅವರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ನಾಲ್ವರೂ ಬಸ್ಸು ಹತ್ತಿದೆವು. ಎರಡೂ ಕಡೆ ಬಿಳಿಜೋಳ ತೆನೆಗಟ್ಟಿತ್ತು, ನಡುನಡುವೆ ಕುಸುಬಿಯ ಸಾಲು. ದರ್ಶನವಾಯಿತು, ಊಟವಾಯಿತು. ಅರಮನೆಯ ಕಡೆ ಹೋಗಿಬಂದು, ಮತ್ತೆ ಗುಡಿಯ ಮುಂದಿನ ಅಂಗಳದ ನೆರಳಲ್ಲಿ ಕೂತಿದ್ದೆವು. ವಹಿನಿ ಚಿಗವ್ವನಿಗೆ ಪೇಢೆ ಮುರಿದು ಕೊಡುತ್ತಿದ್ದರು.

ಆಗ ಒಬ್ಬ ಗಂಡಸು ಬಂದ. ಹೆಗಲ ಮೇಲೆ ಕಂಬಳಿ. ಹಿಂದೆ ಅವನ ಹೆಂಡತಿ, ತೋಳಿನಲ್ಲಿ ಸೀರೆಯ ಸೆರಗಿನಲ್ಲಿ ಸುತ್ತಿದ ಹೆಣ್ಣು ಕೂಸು. ಅವನು ಕಾಕಾನ ಮುಖ ನೋಡಿದ, ಹಣೆ ನೋಡಿ ಹಿಂಜರಿದ, ಮತ್ತೆ ಮುಖ ನೋಡಿದ. ಆಮೇಲೆ ಒಮ್ಮೆಲೇ ಅಲ್ಲೇ ನೆಲಕ್ಕೆ ಬಿದ್ದು ಕಾಲು ಹಿಡಿದ.

"ಪೂಜಾರಿ ಮುತ್ಯಾ! ನೀವು ಇಲ್ಲಿ! ನಾವ್ ತಡವಳದವ್ರರಿ. ಹ್ವಾದ ವರ್ಸ ನಮ್ಮ ಹಟ್ಟಿಗಿ ಬಂದು ಹೇಳಿಕಿ ಹೇಳಿದ್ರಲ್ರಿ, ಹೆಣ್ಣು ಹುಟ್ಟತದ ಅಂತ. ಹುಟ್ಟ್ಯಾದ ನೋಡ್ರಿ."

ಹೆಂಡತಿ ಕೂಸಿನ ಮುಖದ ಸೆರಗು ಸರಿಸಿದಳು. ಕೂಸಿನ ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಎಂಟ ದಿನಾತ್ರಿ, ಉರಿ ಇಳಿವಲ್ದು. ಡಾಕ್ಟರ್ ಕಡಿ ತೋರ್ಸೀವಿ, ಈ ಸ್ವಾಮಿಗೋಳ ಕಡಿ ತಂದೀವಿ. ನಿಮ್ಮನ್ನ ಆ ಬೀರಪ್ಪನ ಕಳಿಸ್ಯಾನ. ಒಂದ ಚಿಟಿಕಿ ಭಂಡಾರ ಹಚ್ಚ್ರಿ ಮುತ್ಯಾ."

ಕಾಕಾನ ಕೈ ಸೊಂಟಕ್ಕೆ ಹೋಯಿತು. ಚೀಲ ಅಲ್ಲೇ ಇತ್ತು, ಅಂಗಿಯ ಕೆಳಗೆ. ಹಣೆ ತೊಳೆದಿದ್ದನೇ ಹೊರತು ಚೀಲ ಬಿಚ್ಚಿರಲಿಲ್ಲ. ಕೈಯನ್ನು ಅಲ್ಲೇ ಇಟ್ಟು ಅವನು ನನ್ನ ಕಡೆ ನೋಡಿದ.

ಎಷ್ಟು ಹೊತ್ತು ನೋಡಿದ? ನೆನಪಿನಲ್ಲಿ ಅದು ಬಹಳ ಉದ್ದ. ವಹಿನಿಯ ಕೈಯಲ್ಲಿ ಅರ್ಧ ಪೇಢೆ, ಕೂಸಿನ ಹಣೆಯ ಮೇಲೆ ಒಂದು ನೊಣ, ಇವು ನನಗೆ ಕಾಣುತ್ತವೆ. ನಾನು ಕಾಣುವುದಿಲ್ಲ. ನನ್ನ ಮುಖ ಆಗ ಹೇಗಿತ್ತು, ಕಣ್ಣಿನಿಂದ ಬೇಡ ಅಂದೆನೇ, ಹಚ್ಚು ಅಂದೆನೇ, ಅಥವಾ ನೆಲ ನೋಡಿದೆನೇ, ಎಷ್ಟು ಕೆದಕಿದರೂ ಅಲ್ಲಿ ಏನೂ ಸಿಗುವುದಿಲ್ಲ.

ಕಾಕಾ ಬಗ್ಗಿ ಆ ಗಂಡಸಿನ ಭುಜ ಹಿಡಿದು ಎಬ್ಬಿಸಿದ.

"ನಾ ಅವ ಅಲ್ಲೋ ತಮ್ಮಾ. ನೀ ಬ್ಯಾರೆಯವ್ರನ್ನ ನೋಡಿರ್ಬೇಕು."

"ಅದ ಮಾರಿ, ಅದ ಧ್ವನಿರಿ..."

"ಮಾರಿ ಇದ್ದಂಗ ಮಾರಿ ಇರ್ತಾವ."

ಗಂಡಸು ಗೊಂದಲಗೊಂಡು, "ತಪ್ಪಾತ್ರಿ" ಎಂದು ಕೈಮುಗಿದ. ಆದರೆ ಹೆಂಡತಿ ಕಾಕಾನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಅನುಮಾನವೇ ಇರಲಿಲ್ಲ. ಕೂಸಿನ ಮೇಲೆ ಮತ್ತೆ ಸೆರಗು ಎಳೆದಳು.

"ನಡೀರಿ" ಎಂದಳು ಗಂಡನಿಗೆ, ಮೆಲ್ಲಗೆ. "ಮುತ್ಯಾ ಅವ್ರ ಅದಾರ. ಒಲ್ಲೆ ಅಂದ್ರು. ದೇವ್ರ ಒಲ್ಲೆ ಅಂದ ಮ್ಯಾಗ ಏನದ?"

ಅವರು ಹೋದರು.

ಏನಾಯಿತೆಂದು ವಹಿನಿ ಕೇಳಿದರು. ಬೇರೆ ಯಾರೋ ಅಂದುಕೊಂಡು ಇವರ ಹತ್ತಿರ ಅರಿಷಿಣ ಬೇಡಿದರು ಎಂದು ಮರಾಠಿಯಲ್ಲಿ ಹೇಳಿದೆ. ನನ್ನ ಮರಾಠಿ ಅಂದು ಬಹಳ ಶುದ್ಧವಾಗಿತ್ತು. ವಹಿನಿ ಪೇಢೆಯನ್ನು ಕಾಗದಕ್ಕೆ ಇಟ್ಟರು.

"ಅಗ ಬಾಯೀ! ಯಾರಾದರೇನು, ಹಚ್ಚಿಬಿಡಬೇಕಿತ್ತು. ತಾಯಿಯ ಜೀವಕ್ಕೆ ಸಮಾಧಾನ. ನನ್ನ ಮಗಳಿಗೆ ಕೆಮ್ಮು ಬಂದಾಗ ನಮ್ಮ ಅತ್ತೆಯೇ ಕುರಿಗಾರರ ದೇವರ ಹತ್ತಿರ ಒಯ್ದು ಹಳದಿ ಹಚ್ಚಿಸಿಕೊಂಡು ಬಂದಿದ್ದರು."

ಅವರು ಇದನ್ನು ಮರಾಠಿಯಲ್ಲಿ ಹೇಳಿದರು, ಮತ್ತು ಕಾಕಾಗೆ ಮರಾಠಿ ಬರುತ್ತಿತ್ತು.

ಬಸ್ ನಿಲ್ದಾಣದಲ್ಲಿ, ಕಾಲಿಗೆ ನೀರು ಹಾಕಿಕೊಂಡು ಬರುತ್ತೇನೆಂದು ಹೋದ ಕಾಕಾ ಗಂಟೆಯಾದರೂ ಬರಲಿಲ್ಲ. ಸೊಲ್ಲಾಪುರದ ಬಸ್ಸು ಬಂದು ಹೋಯಿತು. ಕೊನೆಗೆ ಬಂದ, ಮೊಣಕಾಲಿನವರೆಗೆ ಧೂಳು. "ಮೈಂದರ್ಗಿ ದಾರಿ ತನಕಾ ಹೋಗಿದ್ದೆ" ಎಂದು ಚಿಗವ್ವನಿಗೆ ಹೇಳಿದ. "ಎಲ್ಲೂ ಕಾಣ್ಲಿಲ್ಲ." ಅವನ ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಅಂಟಿತ್ತು.

ಎಂಟು ದಿನಕ್ಕೆ ಬಂದವರು ಆರನೆಯ ದಿನ ಹೊರಟರು. ಕುರಿ ಯಾರ ಮೇಲೋ ಬಿಟ್ಟು ಬಂದಿದ್ದೇವೆ ಎಂದು ವಹಿನಿಗೆ ಹೇಳಲು ಬಾಯಿ ತೆರೆದ ಕಾಕಾ ನನ್ನ ಕಡೆ ನೋಡಿ, "ಹೊಲ" ಎಂದು ತಿದ್ದಿಕೊಂಡ. ನಿಲ್ದಾಣದಲ್ಲಿ, ಗಾಡಿ ಬಂದ ಮೇಲೆ, ನಾನು ಹಣೆ ತೊಳೆದುಕೊಂಡು ಬಂದು ಅವನ ಮುಂದೆ ತಲೆ ಬಗ್ಗಿಸಿ ನಿಂತೆ. ಈಗ ಹಚ್ಚಲಿ ಎಂದು. ಅವನು ಚೀಲಕ್ಕೆ ಕೈ ಹಾಕಲಿಲ್ಲ. ಬರಿಗೈಯನ್ನು ನನ್ನ ತಲೆಯ ಮೇಲೆ ಇಟ್ಟು, "ಚಲೋ ಇರ್ ಯವ್ವಾ. ಕೋಲಿ ಚಲೋ ಅದ, ಬಿಡಬ್ಯಾಡ" ಎಂದ.

ಊರು ಮುಟ್ಟಿದ ಮರುದಿನ ಅವನು ಚೀಲವನ್ನು ಗುಡಿಯಲ್ಲಿ ಇಟ್ಟು, ಪೂಜೆಯನ್ನು ದಾಯಾದಿಯೊಬ್ಬನಿಗೆ ಒಪ್ಪಿಸಿದನಂತೆ. ಹಿರಿಯರು ಕೇಳಿದ್ದಕ್ಕೆ ಮೊಣಕಾಲು ನೋವು ಅಂದನಂತೆ. ಮೊಣಕಾಲು ನೋವಿನವನು ಯುಗಾದಿಗೆ ಮುಂಚೆ ಭೀಮೆ ದಾಟಿ ತಡವಳಕ್ಕೆ ನಡೆದುಕೊಂಡೇ ಹೋಗಿದ್ದ. ಹೆಸರು ಕೇಳದೆ ಕಳಿಸಿದವರನ್ನು ಹಟ್ಟಿಯಿಂದ ಹಟ್ಟಿಗೆ ಹೇಗೆ ಹುಡುಕಿದನೋ, ಸಿಕ್ಕರೋ ಇಲ್ಲವೋ, ಕೂಸು ಇತ್ತೋ ಇಲ್ಲವೋ, ಮನೆಗೆ ಬಂದು ಹೇಳಲಿಲ್ಲ. ಇವೆಲ್ಲ ನನಗೆ ಬೇಸಿಗೆಯ ರಜೆಯಲ್ಲಿ ಊರ ಬೇರೆಯವರಿಂದ ಗೊತ್ತಾಯಿತು. ಕಾಕಾ ನನ್ನೆದುರು ಎಂದಿನಂತೆ ನಗುತ್ತಿದ್ದ, ಸೊಲ್ಲಾಪುರದ ಕೋಟೆಯಲ್ಲಿ ಎಷ್ಟು ಕುರಿ ಹಿಡಿಯುತ್ತವೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಹಣೆ ಖಾಲಿ ಇತ್ತು.

ನಾನು ಆ ಕೋಣೆಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ನಾನು ಯಾರೆಂದು ವಹಿನಿಗೆ ಹೇಳಲಿಲ್ಲ. ಅಂದು ಅಂಗಳದಲ್ಲಿ ಅವರು ಆಡಿದ ಮಾತು ಕೇಳಿದ ಮೇಲೆ ಹೇಳಬಹುದಿತ್ತು, ಹೇಳಿದ್ದರೆ ಬಹುಶಃ ಅವರು ನಕ್ಕುಬಿಡುತ್ತಿದ್ದರು. ಅವರು ನಕ್ಕುಬಿಟ್ಟರೆ ಕಾಕಾ "ನಾ ಅವ ಅಲ್ಲ" ಅಂದದ್ದು ವ್ಯರ್ಥವೇ ಆದಂತಾಗುತ್ತದಲ್ಲ, ಅದನ್ನು ತಾಳುವುದು ನನ್ನಿಂದ ಆಗುತ್ತಿರಲಿಲ್ಲ. ಇದೂ ಒಂದು ನೆಪವೇ ಇರಬೇಕು. ವಿಭೂತಿಯನ್ನಂತೂ ಕೊನೆಯ ದಿನದವರೆಗೆ ಹಚ್ಚಿದೆ.

ಕಾಕಾ ತೀರಿಕೊಂಡ ವರ್ಷ, ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ನಾನೂ ಚಿಗವ್ವನೂ ಇಬ್ಬರೇ ಉಳಿದೆವು. ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಅಂದು ಅಂಗಳದಲ್ಲಿ ನನ್ನ ಎದುರಿಗೇ ಕೂತಿದ್ದವಳು ಅವಳು. ನನ್ನ ಮುಖವನ್ನು ಕಂಡವರಲ್ಲಿ ಉಳಿದವಳೂ ಅವಳೊಬ್ಬಳೇ. ಕೇಳಿದೆ. ಅವಳು ತಲೆ ಎತ್ತಲಿಲ್ಲ. ಕಲ್ಲು ಆರಿಸಿದಳು, ಹೊಟ್ಟು ತೂರಿದಳು, ಮೊರ ಖಾಲಿಯಾದ ಮೇಲೆ ಮತ್ತೊಂದು ಮೊರ ಸುರಿದುಕೊಂಡಳು. ಅವಳಿಗೆ ಈಗ ಎಂಬತ್ತರ ಮೇಲಾಗಿದೆ, ಕಿವಿ ಚೆನ್ನಾಗಿ ಕೇಳುತ್ತವೆ. ಹೋದಾಗಲೆಲ್ಲ ಉಣ್ಣಲು ಬಡಿಸುತ್ತಾಳೆ, ನನ್ನ ಸೊಸೆಯ ಸುದ್ದಿ ಕೇಳುತ್ತಾಳೆ. ನಾನು ಕೇಳಿದ್ದು ಮಾತ್ರ ಹಾಗೇ ಇದೆ:

"ಚಿಗವ್ವಾ, ಅವತ್ತ ಕಾಕಾ ನನ್ನ ಮಾರಿ ನೋಡಿದಾಗ, ನಾ ಏನ್ ಮಾಡಿದ್ನೆ?"